ನಮ್ಮ ಹುಣಸೂರು-ಪಿರಿಯಾಪಟ್ಟಣದ ಹಳೇ ಥ್ರಿಲ್ಲರ್‌ಗಳು

ಪ್ರೇಮ, ಮಾಯೆ, ಭಯ ಎಲ್ಲ ಇರೋ ಕಥೆ ಯಾವುದಿದೆ ಅಂತ ಕೇಳೋ ಗೆಳೆಯರೇ, ನಮ್ಮ ಸೀಮೆಯ ಈ ಇಬ್ಬರನ್ನು ಓದಿ.

ಹುಣಸೂರು ಕಡೆಯ ಕಲ್ಲಹಳ್ಳಿಯ ಮೂರನೇ ಮಂಗರಸ. 1508ರ ಸುಮಾರಿನ ಅವನ 'ಸಮ್ಯಕ್ತ್ವ ಕೌಮುದಿ'ಯಲ್ಲಿ ಒಬ್ಬ ಸೆಟ್ಟಿಯ ಹೆಂಡತಿಯರು ರಾತ್ರಿಯಿಡೀ ಕಥೆ ಹೇಳ್ತಾರೆ. ರಾಜ, ಮಂತ್ರಿ, ಜೊತೆಗೊಬ್ಬ ಕಳ್ಳ ಕದ್ದು ಕೇಳ್ತಾರೆ!

ಇನ್ನೊಬ್ಬ, ಪಿರಿಯಾಪಟ್ಟಣ ಸೀಮೆ ಆಳಿದ ಚಂಗಾಳ್ವರ ವಂಶದ ನಂಜುಂಡ, ಸುಮಾರು 1525. ಅವನ ಸಾಂಗತ್ಯದಲ್ಲಿ ಕುಮಾರರಾಮನಿಗೆ ತಂದೆಯ ಕಿರಿಯ ಹೆಂಡತಿ ರತ್ನಾಜಿ ಮನಸೋಲ್ತಾಳೆ. ಅವನು ಒಪ್ಪಲ್ಲ, ಅವಳು ದೂರು ಹೇಳ್ತಾಳೆ, ಅಪ್ಪ ಮಗನ ತಲೆ ಕೇಳ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಬೇರೆ ತಲೆ ತೋರಿಸ್ತಾನೆ. ಗೋಥಿಕ್ ಅಂದ್ರೆ ಇನ್ನೇನ್ರೀ? ಹಿಂದಿರೋದು ನಿಜವಾದ ಸೋಲು: 1327ರಲ್ಲಿ ಕುಮ್ಮಟದುರ್ಗ ದೆಹಲಿ ಸೈನ್ಯಕ್ಕೆ ಬಿತ್ತು.

ಸಾಂಗತ್ಯ ಹಾಡೋದಕ್ಕೆ ಕಟ್ಟಿದ್ದು. ಹತ್ತು ಪದ್ಯ ಜೋರಾಗಿ ಓದಿ, ನಡುಗನ್ನಡ ತಾನೇ ಕಿವಿಗೆ ಹಿಡಿಯುತ್ತೆ. ನಾವೇ ಓದದಿದ್ರೆ ಇನ್ಯಾರು ಓದ್ತಾರೆ?