ಜಾಗೀರು ಅಳಿದು ತಾಲ್ಲೂಕು ಆದ ಕಲ್ಯಾಣ

ನೀವು ನಿಂತಿರುವ ಈ ಬಸವಕಲ್ಯಾಣದ ಕೋಟೆ ಚಾಲುಕ್ಯರ ರಾಜಧಾನಿಯಷ್ಟೇ ಅಲ್ಲ, ಹೈದರಾಬಾದ್ ನಿಜಾಮರ ಕೈಕೆಳಗಿದ್ದ ಕಲ್ಯಾಣಿ ಜಾಗೀರಿನ ನವಾಬರ ಮನೆಯೂ ಹೌದು. ಇಲ್ಲಿನ ಹಳ್ಳಿಗಳ ಕಂದಾಯ ಸೇರುತ್ತಿದ್ದುದು ಜಾಗೀರಿನ ಖಜಾನೆಗೆ. ಪಕ್ಕದ ಹುಮನಾಬಾದ್, ಚಿಟಗುಪ್ಪಾ ನಿಜಾಮರ ಆಸ್ಥಾನದ ಶ್ರೀಮಂತರಾದ ಪೈಗಾ ಮನೆತನದ ಪಾಲಿನವು.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತದೊಳಗೆ ಸೇರಿತು. ಮರುವರ್ಷ ಆಗಸ್ಟ್‌ನಲ್ಲಿ ಬಂದ ಜಾಗೀರು ರದ್ದತಿ ಕಾನೂನು ಈ ಪುಟ್ಟ ಆಡಳಿತಗಳನ್ನೆಲ್ಲ ಸರ್ಕಾರದ ನೇರ ಆಡಳಿತಕ್ಕೆ ತಂದಿತು. ರೈತನಿಗೂ ಸರ್ಕಾರಕ್ಕೂ ನಡುವೆ ನಿಂತಿದ್ದ ಜಾಗೀರುದಾರ ಸರಿದದ್ದು ಈ ನೆಲದ ದೊಡ್ಡ ಬಿಡುಗಡೆ.

1956ರ ನವೆಂಬರ್ 1ರಂದು, ರಾಜ್ಯಗಳ ಮರುವಿಂಗಡಣೆಯಲ್ಲಿ, ಕಲ್ಯಾಣಿ ಇದ್ದ ಬೀದರ್ ಜಿಲ್ಲೆಯೇ ಹಂಚಿಹೋಯಿತು: ಉದಗೀರ, ನಿಲಂಗಾ, ಅಹಮದಪುರ ಮುಂಬೈ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಕಲ್ಯಾಣಿ ಮೈಸೂರು ರಾಜ್ಯ ಸೇರಿ ಬಸವಕಲ್ಯಾಣವಾಯಿತು. ಗಡಿಯಾಚೆಗೆ ಹೋದ ನೆಂಟಸ್ತಿಕೆಗಳು ಇಂದಿಗೂ ಜೀವಂತ. ಎಷ್ಟೋ ವರ್ಷಗಳ ನಂತರ ಕರ್ನಾಟಕ ಸರ್ಕಾರದ ಹೊಸ ತಾಲ್ಲೂಕುಗಳ ಪಟ್ಟಿ ಬಂದಾಗ ಹುಲಸೂರು ಬಸವಕಲ್ಯಾಣದಿಂದ, ಚಿಟಗುಪ್ಪಾ ಹುಮನಾಬಾದಿನಿಂದ ಬೇರೆಯಾದವು.

ಜಾಗೀರು ಕಾಲದ ಉರ್ದು ಕಾಗದಪತ್ರಗಳು ಈ ಭಾಗದ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಉಳಿದಿರಬಹುದು. ಅವುಗಳ ಮೇಲಿನ ಫಸಲಿ ವರ್ಷಕ್ಕೆ (ಆಗಿನ ಕಂದಾಯ ಲೆಕ್ಕದ ವರ್ಷ) 590 ಕೂಡಿಸಿದರೆ ಸರಿಸುಮಾರು ಇಸವಿ ಸಿಗುತ್ತದೆ. ಓದಲು ಬಾರದೆಂದು ಅವನ್ನು ಎಸೆಯಬೇಡಿ. ನಿಮ್ಮೂರಿನ ಚರಿತ್ರೆ ಅವುಗಳಲ್ಲಿದೆ.