ಕೋವಿಯ ಮದ್ದೂ ಗುರಿಯೂ: ಅರುವಂಕಾಡಿನ ಹಿನ್ನೆಲೆ

ಕುನ್ನೂರಿನಿಂದ ಉದಕಮಂಡಲಕ್ಕೆ ಬೆಟ್ಟದ ರೈಲಿನಲ್ಲಿ ಹೋಗುವವರಿಗೆ ಅರುವಂಕಾಡು ನಿಲ್ದಾಣವು ಪರಿಚಿತವಾದುದೇ. ಬಡಗರ ಹಟ್ಟಿಗಳ ನೆರೆಯಲ್ಲಿರುವ ಆ ಕಣಿವೆಯಲ್ಲಿ 1904ರ ಹೊತ್ತಿಗೆ ಒಂದು ಸರಕಾರಿ ಕಾರ್ಖಾನೆ ತಲೆಯೆತ್ತಿತು. ಅಲ್ಲಿ ತಯಾರಾದ ವಸ್ತುವಿನ ಹೆಸರು ಕಾರ್ಡೈಟ್. ಅಂದರೆ ಹೊಗೆಯಿಲ್ಲದ ಕೋವಿಮದ್ದು. ಕಾರ್ಖಾನೆಯನ್ನು ಕಂಡವರು ನಮ್ಮಲ್ಲಿ ಅನೇಕರು. ಆ ಮದ್ದು ಏಕೆ ಹುಟ್ಟಿತು, ಹುಟ್ಟಿ ಕೋವಿಗೆ ಏನು ಮಾಡಿತು ಎಂದು ವಿಚಾರಿಸಿದವರು ವಿರಳ.

ಗುರಿ ತಪ್ಪಿದರೆ ನಾವು ಹೊಡೆದವನ ಕೈಯನ್ನೋ ಕಣ್ಣನ್ನೋ ದೂರುತ್ತೇವೆ. ಮದ್ದಿಗೂ ಅದರಲ್ಲಿ ಪಾಲುಂಟೆಂಬುದನ್ನು ಅಳತೆಯಿಂದ ತಿಳಿಯಲು ದಾರಿ ತೋರಿದವನು ಬೆಂಜಮಿನ್ ರಾಬಿನ್ಸ್ ಎಂಬ ಆಂಗ್ಲ ಗಣಿತಜ್ಞ. ಭಾರವಾದ ಲೋಲಕವೊಂದನ್ನು ತೂಗುಹಾಕಿ, ಅದಕ್ಕೆ ಗುಂಡು ಹೊಡೆದು, ಲೋಲಕವು ಎಷ್ಟು ಹಿಂದೆ ಸರಿಯಿತೆಂಬುದರಿಂದ ಗುಂಡಿನ ವೇಗವನ್ನು ಲೆಕ್ಕಹಾಕುವ ವಿಧಾನವನ್ನು ಅವನು 1742ರಲ್ಲಿ ಪ್ರಕಟಿಸಿದನು. ಮುಂದೆ ಈಸ್ಟ್ ಇಂಡಿಯಾ ಕಂಪೆನಿಯ ಇಂಜಿನಿಯರನಾಗಿ ಇಲ್ಲಿಗೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.

ರಾಬಿನ್ಸನ ಕಾಲದ ಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಅದು ಉರಿದಾಗ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಹೊಗೆಯಾಗಿಯೂ ಮಸಿಯಾಗಿಯೂ ಉಳಿಯುತ್ತದೆ. ರೈಫಲ್ಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಲು ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ. ನಾಲ್ಕಾರು ಗುಂಡು ಹಾರುವಷ್ಟರಲ್ಲಿ ಅವು ಮಸಿಯಿಂದ ತುಂಬಿ, ಗುಂಡಿನ ಹಾದಿ ಕೆಡುವುದು. ಈ ಕಷ್ಟವನ್ನು ಕಂಡು ವಿಲಿಯಂ ಮೆಟ್‌ಫರ್ಡ್ ಎಂಬ ಇಂಜಿನಿಯರನು ಆಳ ಕಡಿಮೆಯಿರುವ, ಅಂಚು ದುಂಡಾದ ತೋಡುಗಳನ್ನು ಯೋಜಿಸಿದನು. ಅಲ್ಲಿ ಮಸಿ ಕೂಡುವುದಕ್ಕೆ ಮೂಲೆಯೇ ಇಲ್ಲ. ಬ್ರಿಟಿಷ್ ಸೈನ್ಯವು 1888ರಲ್ಲಿ ಅಂಗೀಕರಿಸಿದ ಲೀ-ಮೆಟ್‌ಫರ್ಡ್ ಕೋವಿಯಲ್ಲಿ ಇಂಥ ಏಳು ತೋಡುಗಳಿದ್ದವು.

ಆದರೆ ಅಷ್ಟರಲ್ಲಿ ಮದ್ದೇ ಬದಲಾಗುತ್ತಿತ್ತು. ಫ್ರಾನ್ಸಿನ ಪಾಲ್ ವ್ಯೇಯಿ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದ್ದನು. 1886ರಲ್ಲಿ ಆ ದೇಶದ ಸೈನ್ಯಕ್ಕೆ ಅದರ ಕೋವಿಯೂ ಬಂದಿತ್ತು. ಇಂಗ್ಲೆಂಡಿನಲ್ಲಿ ಏಬೆಲ್ ಮತ್ತು ಡ್ಯೂಯರ್ 1889ರಲ್ಲಿ ಕಾರ್ಡೈಟನ್ನು ಕಂಡುಹಿಡಿದರು. ನೂರು ಪಾಲಿನಲ್ಲಿ ನೈಟ್ರೊಗ್ಲಿಸರಿನ್ 58, ಹತ್ತಿಮದ್ದು 37, ವ್ಯಾಸಲಿನ್ 5. ಇವನ್ನು ಅಸಿಟೋನಿನಲ್ಲಿ ಕಲಸಿ, ಶಾವಿಗೆಯಂತೆ ಒತ್ತಿ ತೆಗೆದ ದಾರಗಳೇ ಕಾರ್ಡೈಟ್. ಒಂದು ತೋಟಾಕ್ಕೆ ಹಳೆಯ ಮದ್ದು ಸುಮಾರು 70 ಗ್ರೇನ್, ಎಂದರೆ ನಾಲ್ಕೂವರೆ ಗ್ರಾಂ ಬೇಕಾಗಿದ್ದರೆ, ಹೊಸದು 30 ಗ್ರೇನಿನಷ್ಟು ಸಾಕಾಯಿತು. ಗುಂಡಿನ ವೇಗವೂ ಸೆಕೆಂಡಿಗೆ ಸುಮಾರು 1,850 ಅಡಿಯಿಂದ 1,970 ಅಡಿಗೆ ಏರಿತು.

ಲಾಭವೆಲ್ಲ ಕಣ್ಣಿಗೆ ಕಂಡಿತು; ನಷ್ಟ ನಳಿಗೆಯೊಳಗೆ ಅಡಗಿತ್ತು. ನೈಟ್ರೊಗ್ಲಿಸರಿನ್ನಿನ ಜ್ವಾಲೆ ಅತ್ಯುಗ್ರವಾದುದು. ಮಸಿಯ ಮದ್ದಿಗೆಂದು ಕೊರೆದ ಆ ಮೇಲುಮೇಲಿನ ತೋಡುಗಳು ಈ ಶಾಖಕ್ಕೆ ಬಲುಬೇಗ ಸವೆದುಹೋದವು. ತೋಡು ಸವೆದ ನಳಿಗೆಯಲ್ಲಿ ಗುಂಡು ಹಿಡಿತ ತಪ್ಪಿ, ಸರಿಯಾಗಿ ತಿರುಗದೆ ಅಡ್ಡಹಾದಿ ಹಿಡಿಯುತ್ತದೆ. ಮಸಿಯ ಕಾಲಕ್ಕೆ ಗುಣವಾಗಿದ್ದುದೇ ಜ್ವಾಲೆಯ ಕಾಲಕ್ಕೆ ದೋಷವಾಯಿತು. ಇದಕ್ಕೆ ಪರಿಹಾರ ಎರಡು ಬಗೆಯಲ್ಲಿ ಬಂತು. 1895ರ ಲೀ-ಎನ್‌ಫೀಲ್ಡ್ ಕೋವಿಯಲ್ಲಿ ಆಳವಾದ, ಚೌಕ ಅಂಚಿನ ಐದು ತೋಡುಗಳನ್ನು ಕೊರೆದರು. 1901ರಲ್ಲಿ ಮದ್ದನ್ನೇ ತಿದ್ದಿ, ನೈಟ್ರೊಗ್ಲಿಸರಿನ್ನನ್ನು 30ಕ್ಕೆ ಇಳಿಸಿ ಹತ್ತಿಮದ್ದನ್ನು 65ಕ್ಕೆ ಏರಿಸಿದರು. ಜ್ವಾಲೆಯ ಶಾಖ ತಗ್ಗಿತು. ನಳಿಗೆಯ ಆಯುಷ್ಯ ಹೆಚ್ಚಿತು.

ವ್ಯಾಸಲಿನ್ನಿನ ಕಥೆಯೂ ಇಲ್ಲಿ ಸ್ಮರಣೀಯ. ನಳಿಗೆಗೆ ಜಿಡ್ಡು ಸವರಿದಂತಾಗಲಿ ಎಂದು ಅದನ್ನು ಬೆರೆಸಿದ್ದರು. ಅದು ಮದ್ದು ತಾನಾಗಿ ಕೆಡುವುದನ್ನು ತಡೆಯುತ್ತದೆಂಬ ಹೆಚ್ಚಿನ ಪ್ರಯೋಜನ ಅನಂತರ ತಿಳಿಯಿತು. ಬಿಸಿಲಿನ ದೇಶದಲ್ಲಿ ಇದು ಸಾಮಾನ್ಯ ಮಾತಲ್ಲ. ತೋಟಾ ಕಾದಷ್ಟೂ ಒಳಗಿನ ಒತ್ತಡ ಏರುತ್ತದೆ, ಗುಂಡಿನ ವೇಗ ಹೆಚ್ಚುತ್ತದೆ. ಬೆಳಗಿನ ತಂಪಿನಲ್ಲಿ ಹೊಡೆದ ಗುಂಡಿಗೂ ನಡುಹಗಲು ಹೊಡೆದ ಗುಂಡಿಗೂ ದೂರದ ಗುರಿಯಲ್ಲಿ ಮೇಲುಕೆಳಗಿನ ವ್ಯತ್ಯಾಸ ಬರುವುದು ಇದರಿಂದಲೇ. ಇಂದು ಹೊರದೇಶಗಳಲ್ಲಿ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವ ಗುರಿಗಾರರೂ ಈ ನಿಯಮಕ್ಕೆ ಒಳಪಟ್ಟವರೇ. ಅವರು ಅರಸುವುದು ಅತಿ ಬಲವಾದ ಮದ್ದನ್ನಲ್ಲ. ಪ್ರತಿಯೊಂದು ಗುಂಡಿಗೂ ಒಂದೇ ವೇಗ ಕೊಡುವ, ತಮ್ಮ ನಳಿಗೆಗೆ ಒಪ್ಪುವ ಮದ್ದನ್ನು.

ಈ ಪಾಠವೆಲ್ಲ ಕಲಿತು ಮುಗಿಯುವ ಹೊತ್ತಿಗೆ ಕಟ್ಟಿದ್ದು ಅರುವಂಕಾಡಿನ ಕಾರ್ಖಾನೆ. ಅದಕ್ಕೆ ವಿದ್ಯುತ್ತು ಒದಗಿದ್ದು ಕಾಟೇರಿ ಜಲಪಾತದಿಂದ. 2021ರಲ್ಲಿ ದೇಶದ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಸರಕಾರವು ಹಲವು ಕಂಪೆನಿಗಳಾಗಿ ವಿಂಗಡಿಸಿದಾಗ, ಇದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು.

ಮದ್ದು ಪ್ರಾಣ ತೆಗೆಯುವ ವಸ್ತು. ಅದರ ಚರಿತ್ರೆಯನ್ನು ಬರೆಯುವಾಗ ಹೆಮ್ಮೆಗಿಂತ ಎಚ್ಚರವೇ ಹೆಚ್ಚಿರಬೇಕು. ಆದರೂ ಆ ಗೋಡೆಗಳೊಳಗೆ ಬೆಂಕಿಯ ಪಕ್ಕದಲ್ಲಿ ಬಾಳು ಸವೆಸಿದ ಕೆಲಸಗಾರರ ನೆನಪು ಯಾವ ಸರಕಾರಿ ಕಡತದಲ್ಲೂ ಪೂರ್ಣವಾಗಿ ಸಿಗಲಾರದು. ನೀಲಗಿರಿಯ ಉಪಾಧ್ಯಾಯ ಮಿತ್ರರು ರಜೆಯ ದಿನಗಳಲ್ಲಿ ಹಟ್ಟಿಗಳ ಹಿರಿಯರನ್ನು ಕಂಡು, ಅವರ ಮಾತನ್ನು ಅವರ ನುಡಿಯಲ್ಲಿಯೇ ಬರೆದಿಡುವುದಾದರೆ, ಈ ಚರಿತ್ರೆಯ ಉಳಿದ ಅರ್ಧವೂ ದೊರೆತೀತು. ಹಿರಿಯರು ಹೋದ ಮೇಲೆ ಕೇಳಲು ಯಾರೂ ಇರುವುದಿಲ್ಲ.