ಗುಡುಗಿಗೆ ಕಳಚಿಟ್ಟ ವಯರು

"ಗುಡುಗು ಬರ್ತಾ ಉಂಟು, ವಯರು ತೆಗೆದಿಡು."

ಬೆಟ್ಟಂಪಾಡಿಯ ನಮ್ಮ ಮನೆಯಲ್ಲಿ ತುಲಾ ತಿಂಗಳ ಸಂಜೆಗಳಲ್ಲಿ ಅಪ್ಪ ತಪ್ಪದೆ ಹೇಳುವ ಮಾತಿದು. ಪಾಣಾಜೆ ಕಡೆಯ ಆಕಾಶ ಕಪ್ಪಾದರೆ ಸಾಕು, ಅವರ ಕೈ ಪ್ಲಗ್ಗಿಗೆ ಹೋಗುತ್ತದೆ. ಕಳೆದ ಅಕ್ಟೋಬರಿನ ಒಂದು ಸಂಜೆಯೂ ಹಾಗೆಯೇ ಆಯಿತು. ಫೆಲೋಶಿಪ್ಪಿನ ಪ್ರಗತಿ ವರದಿಯನ್ನು ಅಂದು ರಾತ್ರಿ ಹನ್ನೆರಡರೊಳಗೆ ಪೋರ್ಟಲ್‌ಗೆ ಹಾಕಬೇಕಿತ್ತು. ತಪ್ಪಿದರೆ ಮುಂದಿನ ಕಂತು ಇಲ್ಲ. ಅಪ್ಪ ಬಂದವರೇ ಮೋಡೆಮಿನ ಪ್ಲಗ್ಗನ್ನೂ ಲ್ಯಾಪ್‌ಟಾಪಿನ ಚಾರ್ಜರನ್ನೂ ಒಟ್ಟಿಗೆ ಎಳೆದರು. ಬ್ಯಾಟರಿ ಸತ್ತು ವರ್ಷವಾಗಿದ್ದ ನನ್ನ ಲ್ಯಾಪ್‌ಟಾಪು ಆ ಕ್ಷಣವೇ ಆರಿತು. ಗುಡುಗು ಸರಿದ ಮೇಲೆ ಎಲ್ಲ ಜೋಡಿಸಿ ನೋಡಿದರೆ ವೈಫೈ ಪೂರ್ತಿ ಇದೆ, ಒಂದೇ ಒಂದು ಪುಟ ತೆರೆಯುವುದಿಲ್ಲ.

ಸಿಟ್ಟು ಅಪ್ಪನ ಮೇಲೆ ತಿರುಗಿತು. ಮನೆಗೆ ಈಗ ಬಂದಿರುವುದು ಫೈಬರ್. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ಸಿಡಿಲಿನ ಕರೆಂಟು ಹರಿಯುವುದಿಲ್ಲ. ತಾಮ್ರದ ತಂತಿಯ ಕಾಲದ ಹೆದರಿಕೆ ಇನ್ನೂ ಯಾಕೆ ಎಂದು ಕೂಗಾಡಿದೆ. ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವಳು ಆಡುವ ಮಾತಲ್ಲ ಅದು, ಆಮೇಲೆ ಅನ್ನಿಸಿತು.

ಯಾಕೆಂದರೆ ಆ ತಾಮ್ರದ ಕಾಲ ಸಣ್ಣದೇನಲ್ಲ. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾಯಿತು. ಅದು ಹಳ್ಳಿಗಳಿಗೆಂದೇ ರೂಪಿಸಿದ 128 ಲೈನುಗಳ ಪುಟ್ಟ ಎಕ್ಸ್‌ಚೇಂಜು 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮ ಕರ್ನಾಟಕದ ಕಿತ್ತೂರಿನಲ್ಲಿ. ಏರ್‌ಕಂಡೀಷನ್ ಇಲ್ಲದೆ, ಹಳ್ಳಿಯ ಧೂಳು ಸೆಕೆಗಳನ್ನು ತಡೆದುಕೊಂಡು ನಡೆಯುವುದೇ ಅದರ ಹೆಚ್ಚುಗಾರಿಕೆ. ಆದರೆ ಎಕ್ಸ್‌ಚೇಂಜು ಎಷ್ಟೇ ಗಟ್ಟಿಯಾದರೂ ಅಲ್ಲಿಂದ ಮನೆಗೆ ಬರಬೇಕಾದ ತಂತಿ ಗುಡ್ಡ, ತೋಟ, ತೋಡುಗಳನ್ನು ದಾಟಿಯೇ ಬರಬೇಕು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗ ಅದೂ ಫೋನಿನ ತಂತಿಯನ್ನೇ ಹಿಡಿಯಿತು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನು 'ಬ್ರಾಡ್‌ಬ್ಯಾಂಡ್' ಎಂದು ಕರೆಯಿತು, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಅದನ್ನು ಮಾರಲು ಹೊರಟಿತು. ಆಗಲೂ ಮನೆಗೆ ಹೊಸ ತಂತಿ ಎಳೆಯಲಿಲ್ಲ. ಅದೇ ಹಳೆಯ ಜೋಡಿ ತಾಮ್ರದಲ್ಲಿ ಮಾತು ಕೆಳಗಿನ ಆವರ್ತನದಲ್ಲಿ, ಇಂಟರ್ನೆಟ್ಟು ಮೇಲಿನದರಲ್ಲಿ. ಎರಡನ್ನೂ ಬೇರ್ಪಡಿಸಲು ಸ್ಪ್ಲಿಟರ್ ಎಂಬ ಪುಟ್ಟ ಡಬ್ಬಿ.

ಹೀಗಾಗಿ ಫೋನಿನ ರೋಗಗಳೆಲ್ಲ ಇಂಟರ್ನೆಟ್ಟಿಗೆ ವಾರಸುದಾರಿಕೆಯಾಗಿ ಬಂದವು. ಫೋನ್ ರಿಂಗಾದ ಕೂಡಲೇ ನೆಟ್ ಹೋದರೆ ಸ್ಪ್ಲಿಟರ್ ಕೆಟ್ಟಿದೆ, ಇಲ್ಲವೇ ಅದನ್ನು ಹಾಕಿಯೇ ಇಲ್ಲ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಇಳಿಯುತ್ತದೆ. ಮಳೆಗಾಲದಲ್ಲಿ ತಂತಿಯ ಜಾಯಿಂಟಿಗೆ ನೀರು ಇಳಿದು ಹಸುರು ಕಿಲುಬು ಕಟ್ಟಿದರೆ ರಿಸೀವರಿನಲ್ಲಿ ಕರಕರ ಸದ್ದು. ನೆಟ್ ಹೋಯಿತೆಂದರೆ ಅಪ್ಪ ಕಂಪ್ಯೂಟರಿನ ಹತ್ತಿರವೂ ಸುಳಿಯುತ್ತಿರಲಿಲ್ಲ, ಮೊದಲು ರಿಸೀವರ್ ಎತ್ತಿ ಕಿವಿಗೆ ಹಿಡಿಯುತ್ತಿದ್ದರು. ಕರಕರ ಕೇಳಿದರೆ ತಪ್ಪು ಹೊರಗಿನದು. ಡಯಲ್ ಟೋನ್ ಶುದ್ಧವಾಗಿದ್ದರೆ ಒಳಗಿನದು. ಇಷ್ಟು ಸರಳವಾದ ಪರೀಕ್ಷೆಯನ್ನು ನಾನು ಯಾವ ಕೈಪಿಡಿಯಲ್ಲೂ ನೋಡಿಲ್ಲ.

ಇನ್ನು ಸಿಡಿಲು. ಅದು ತಂತಿಗೇ ಹೊಡೆಯಬೇಕೆಂದಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದರೂ ಉದ್ದನೆಯ ತಂತಿಯಲ್ಲಿ ಕರೆಂಟು ಹುಟ್ಟಿಕೊಂಡು ಮೋಡೆಮಿಗೆ, ಅಲ್ಲಿಂದ ಲ್ಯಾನ್ ಕೇಬಲಿನ ಮೂಲಕ ಕಂಪ್ಯೂಟರಿಗೆ ನುಗ್ಗುತ್ತದೆ. ಎಲ್ಲ ಸರಿ ಇದ್ದು ಲ್ಯಾನ್ ಪೋರ್ಟ್ ಮಾತ್ರ ಸತ್ತಿರುವ ಕಂಪ್ಯೂಟರುಗಳು ಆ ದಾಳಿಯಲ್ಲಿ ಅರ್ಧ ಉಳಿದವು. ನಮ್ಮ ಮನೆಯ ಹಳೆಯ ಕಂಪ್ಯೂಟರೂ ಅಂಥದ್ದೇ. ಆಮೇಲೆ ವೈಫೈ ಬಂದಿತು. ನಾವು ಅದನ್ನು ವಯರಿಲ್ಲದ ಅನುಕೂಲ ಎಂದಷ್ಟೇ ಹೊಗಳುತ್ತೇವೆ, ಮೋಡೆಮಿಗೂ ಲ್ಯಾಪ್‌ಟಾಪಿಗೂ ನಡುವೆ ಅದು ತಂದಿಟ್ಟ ಬರೀ ಗಾಳಿಯೇ ಎಷ್ಟು ಮದರ್‌ಬೋರ್ಡುಗಳನ್ನು ಕಾಪಾಡಿರಬಹುದೆಂದು ಯೋಚಿಸುವುದಿಲ್ಲ.

ಅಂದು ರಾತ್ರಿ ಒಂಬತ್ತೂವರೆಗೆ ಅಪ್ಪ ಕೇಳಿದರು, "ಎಂತದು ಮಾರಾಯ್ತಿ, ಮೊಬೈಲಲ್ಲಿ ಬರ್ತದಾ ನೋಡಿದ್ಯಾ?"

ನೋಡಿರಲಿಲ್ಲ. ಅದೇ ವೈಫೈಗೆ ಮೊಬೈಲು ಜೋಡಿಸಿದೆ, ಎಲ್ಲ ತೆರೆಯಿತು. ರಿಸೀವರ್ ಹೋದರೂ ಅದರ ಪರೀಕ್ಷೆ ಉಳಿದಿತ್ತು: ತಪ್ಪು ಒಳಗಿನದು. ಆಗ ಪರದೆಯ ಮೂಲೆಯಲ್ಲಿದ್ದ ತಾರೀಕಿನ ಮೇಲೆ ಕಣ್ಣು ಬಿತ್ತು. 2012ರ ಜನವರಿ 1.

ಲ್ಯಾಪ್‌ಟಾಪು ಆರಿದಾಗಲೂ ಗಡಿಯಾರ ನಡೆಯಲೆಂದು ಮದರ್‌ಬೋರ್ಡಿನಲ್ಲಿ ನಾಣ್ಯದಷ್ಟು ದೊಡ್ಡ ಸೆಲ್ ಒಂದಿರುತ್ತದೆ. ನನ್ನದರಲ್ಲಿ ಅದೂ ಮುಗಿದಿತ್ತು. ದೊಡ್ಡ ಬ್ಯಾಟರಿಯೂ ಇಲ್ಲದ್ದರಿಂದ ಪ್ಲಗ್ಗು ತೆಗೆದ ಕೂಡಲೇ ಗಡಿಯಾರ ಕಾರ್ಖಾನೆಯ ತಾರೀಕಿಗೆ ಮರಳಿತ್ತು. ಇಂದಿನ ಜಾಲತಾಣಗಳು ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ. ಅದಕ್ಕೆ ಆರಂಭದ ದಿನ, ಮುಗಿಯುವ ದಿನ ಎರಡೂ ಇರುತ್ತವೆ. 2012ರಲ್ಲಿ ಕೂತ ಯಂತ್ರಕ್ಕೆ ಅವೆಲ್ಲ ಇನ್ನೂ ಹುಟ್ಟದ ಪತ್ರಗಳು, ಆದ್ದರಿಂದ ಖೋಟಾ. ಬ್ರೌಸರ್ ಅದನ್ನು ಬರೆದೇ ತೋರಿಸಿತ್ತು. ಶಾಸನದ ತೇದಿ ನೋಡದೆ ಮುಂದಿನ ಸಾಲಿಗೆ ಹೋಗದ ನಾನು ಆ ಎರಡು ಸಾಲು ಓದದೆ ಮುಚ್ಚಿದ್ದೆ. ತಾರೀಕು, ಗಂಟೆ, ವರ್ಷ ತಿದ್ದಿದ ಮೇಲೆ ಪೋರ್ಟಲ್ ತೆರೆಯಿತು. ವರದಿ ಹೋದದ್ದು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ.

ಮರುದಿನ ಪುತ್ತೂರಿಗೆ ಹೋಗಿ ಸೆಲ್ ಬದಲಿಸಿದೆ. ಸಿಆರ್2032 ಎಂದು ಅದರ ಹೆಸರು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೆಲವು ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಪುಟ್ಟ ವಯರು ಅಂಟಿರುತ್ತದೆ, ಹಾಗಾಗಿ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ರಿಪೇರಿಯವನಲ್ಲಿ ಅಪ್ಪನ ಪ್ಲಗ್ಗಿನ ಕತೆ ಹೇಳಿ ನಗಬೇಕೆಂದಿದ್ದೆ. ಅವನು ನಗಲಿಲ್ಲ. ಫೈಬರಿನಲ್ಲಿ ಸಿಡಿಲು ಬಾರದಿರಬಹುದು, ಆದರೆ ಆ ಡಬ್ಬಿಗೂ ಚಾರ್ಜರಿಗೂ ಕರೆಂಟು ಬರುವುದು ಕಂಬದ ಮೇಲಿನ ಲೋಹದ ತಂತಿಯಲ್ಲೇ ಅಲ್ಲವೇ ಎಂದು ಕೇಳಿ, ಮೇಜಿನ ಕೆಳಗಿಂದ ಸುಟ್ಟ ಅಡಾಪ್ಟರುಗಳ ರಟ್ಟಿನ ಪೆಟ್ಟಿಗೆಯನ್ನು ಎಳೆದು ತೋರಿಸಿದ.

ಫೆಲೋಶಿಪ್ಪಿನ ಹಣ ಬಂದ ಮೇಲೆ ದೊಡ್ಡ ಬ್ಯಾಟರಿಯನ್ನೂ ಹಾಕಿಸಿದೆ. ಈಗ ಅಪ್ಪ ವಯರು ತೆಗೆದಿಟ್ಟ ಮೇಲೆ ಎರಡು ಗಂಟೆ ಬರೆಯಬಹುದು.